ದಮ್ಮು ಇರುವುದು ಕಾಲಿನಲ್ಲಿ: ಕೋವಿಡ್ ನಂತರ ಉಸಿರು ಮತ್ತು ವ್ಯಾಯಾಮ

2021ರ ಮೇ ತಿಂಗಳು. ಉಡುಪಿ ಹತ್ತಿರ ಅಂಬಲಪಾಡಿಯಲ್ಲಿರುವ ನನ್ನ ಸೋದರಮಾವ ಹನ್ನೊಂದು ದಿನ ಆಕ್ಸಿಜನ್‌ನಲ್ಲಿದ್ದು ಆಸ್ಪತ್ರೆಯಿಂದ ಮನೆಗೆ ಬಂದರು. ಕೈಚೀಲದಲ್ಲಿ ಮಾತ್ರೆಗಳ ಜೊತೆ ಒಂದು ಪ್ಲಾಸ್ಟಿಕ್ ಡಬ್ಬಿ ಇತ್ತು. ಒಳಗೆ ಮೂರು ಚೆಂಡು, ಪಕ್ಕದಲ್ಲೊಂದು ಪೈಪು. ಆ ವರ್ಷ ನಮ್ಮ ಕಡೆ ಎಷ್ಟೋ ಮನೆಗಳಿಗೆ ಇಂಥದ್ದೊಂದು ಬಂದಿತ್ತು. ಕೆಲವರ ಶೋಕೇಸಿನ ಮೇಲೆ ಈಗಲೂ ಧೂಳು ತಿನ್ನುತ್ತಾ ಕೂತಿದೆ.

ಮಾವ ದಿನಾ ಬೆಳಿಗ್ಗೆ ಚಾವಡಿಯಲ್ಲಿ ಕೂತು, ಕೆನ್ನೆ ಉಬ್ಬಿಸಿ ಅದಕ್ಕೆ ಊದುತ್ತಿದ್ದರು. ಮುಖ ಕೆಂಪಾಗುತ್ತಿತ್ತು. ಚೆಂಡು ಮಾತ್ರ ಕದಲುತ್ತಿರಲಿಲ್ಲ. "ಶ್ವಾಸಕೋಶ ಹೋಯ್ತು ಮಾರಾಯ" ಎಂದರು ನನ್ನ ಹತ್ತಿರ. ಅತ್ತೆ ಎದ್ದು ಒಳಗೆ ಹೋದರು.

ನಾಲ್ಕನೇ ದಿನ ಫಿಸಿಯೋಥೆರಪಿಸ್ಟ್ ಹುಡುಗಿ ವಿಡಿಯೋ ಕಾಲಿನಲ್ಲಿ ಇದನ್ನು ನೋಡಿ ನಕ್ಕಳು. "ಅಂಕಲ್, ಊದೋದಲ್ಲ, ಎಳೆಯೋದು. ಬೊಂಡಕ್ಕೆ ಸ್ಟ್ರಾ ಹಾಕಿ ಕುಡಿಯುವುದಿಲ್ವಾ, ಹಾಗೆ." ಮಾವ ಎಳೆದರು. ಮೊದಲ ಚೆಂಡು ಟಪ್ ಅಂತ ಮೇಲೆ ಹೋಯಿತು.

ಆ ಡಬ್ಬಿಯ ಹೆಸರು ಸ್ಪೈರೋಮೀಟರ್. ಸೆಕೆಂಡಿಗೆ 600 ಮಿಲಿಲೀಟರ್ ವೇಗದಲ್ಲಿ ಗಾಳಿ ಎಳೆದರೆ ಮೊದಲ ಚೆಂಡು ಏಳುತ್ತದೆ, 900ಕ್ಕೆ ಎರಡನೆಯದು, 1200ಕ್ಕೆ ಮೂರನೆಯದು. ಹೆಚ್ಚಿನವರು ಜೋರಾಗಿ ಒಮ್ಮೆ ಎಳೆದು ಮೂರನ್ನೂ ಹಾರಿಸಿ ಖುಷಿಪಡುತ್ತಾರೆ. ಅದರಿಂದ ಲಾಭ ಕಡಿಮೆ. ಒಂದೇ ಚೆಂಡನ್ನು ನಿಧಾನಕ್ಕೆ ಎತ್ತಿ, ಎರಡು ಮೂರು ಸೆಕೆಂಡು ಮೇಲೆ ನಿಲ್ಲಿಸಿದರೆ ಗಾಳಿ ಶ್ವಾಸಕೋಶದ ಬುಡದವರೆಗೆ ಹೋಗುತ್ತದೆ. ಮಲಗಿ ಮಲಗಿ ಮುದುಡಿಕೊಂಡ ಭಾಗಗಳು ಬಿಚ್ಚಿಕೊಳ್ಳುತ್ತವೆ. ಅದರ ಕೆಲಸ ಅಷ್ಟೇ. ಬಾತ್ರೂಮಿಗೆ ಹೋಗಿ ಬರುವಷ್ಟರಲ್ಲಿ ಮಾವನಿಗೆ ಬರುತ್ತಿದ್ದ ಏದುಸಿರಿಗೆ ಆ ಡಬ್ಬಿಯಲ್ಲಿ ಮದ್ದು ಇರಲಿಲ್ಲ. ಯಾಕೆ ಅಂತ ತಿಳಿಯಲು ಸ್ವಲ್ಪ ಒಳಗೆ ಹೋಗಬೇಕು.

ನಮ್ಮ ಎರಡು ಶ್ವಾಸಕೋಶಗಳಲ್ಲಿ 30 ಕೋಟಿಗೂ ಹೆಚ್ಚು ಪುಟ್ಟ ಗಾಳಿಚೀಲಗಳಿವೆ. ಎಲ್ಲವನ್ನೂ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್, ಬ್ಯಾಡ್ಮಿಂಟನ್ ಕೋರ್ಟಿಗಿಂತ ಸ್ವಲ್ಪ ಚಿಕ್ಕದು. ಈ ಚೀಲಗಳ ಗೋಡೆ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ತೆಳು. ನೀರುದೋಸೆಯನ್ನು ಎಷ್ಟು ತೆಳ್ಳಗೆ ಹೊಯ್ದರೂ ಇದರ ಹತ್ತಿರ ಬರುವುದಿಲ್ಲ ಬಿಡಿ. ಗೋಡೆಯ ಈಚೆ ಗಾಳಿ, ಆಚೆ ರಕ್ತ. ಆಕ್ಸಿಜನ್ ಈ ಕಡೆಯಿಂದ ಆ ಕಡೆಗೆ ದಾಟುತ್ತದೆ, ಇಂಗಾಲದ ಡೈ ಆಕ್ಸೈಡ್ ಆ ಕಡೆಯಿಂದ ಈ ಕಡೆಗೆ. ಕೋವಿಡ್ ನ್ಯುಮೋನಿಯಾ ಬಂದಾಗ ಆ ಗೋಡೆ ಊದಿಕೊಳ್ಳುತ್ತದೆ, ಚೀಲದೊಳಗೆ ನೀರು ಸೇರುತ್ತದೆ. ದಾಟುವ ದಾರಿ ದಪ್ಪವಾಗುತ್ತದೆ. ಸ್ಪಂಜಿನ ಹಾಗೆ ಮೆತ್ತಗಿದ್ದ ಶ್ವಾಸಕೋಶ ಬಿಗಿಯಾಗುತ್ತದೆ, ಹಿಗ್ಗಿಸಲು ಜಾಸ್ತಿ ಬಲ ಬೇಕಾಗುತ್ತದೆ.

ಊತ ಇಳಿಯಲು ವಾರಗಳು ಬೇಕು, ಕೆಲವರಿಗೆ ತಿಂಗಳುಗಳು. ಸಿಟಿ ಸ್ಕ್ಯಾನಿನಲ್ಲಿ ಕಂಡ ಬಿಳಿ ಮಚ್ಚೆಗಳು ಹೆಚ್ಚಿನವರಲ್ಲಿ ತಿಂಗಳು ಕಳೆದ ಹಾಗೆ ಮಾಸುತ್ತವೆ. ಕೆಲವರಲ್ಲಿ ಕಲೆ ಉಳಿದುಬಿಡುತ್ತದೆ. ಒಮ್ಮೆ ಗಾಯ ಮಾಗಿ ಗಟ್ಟಿಯಾದ ಆ ಕಲೆಯನ್ನು ಯಾವ ವ್ಯಾಯಾಮವೂ ಅಳಿಸುವುದಿಲ್ಲ. ಹಾಗಾದರೆ ವ್ಯಾಯಾಮ ಯಾಕೆ?

ಮಾವ ಮನೆಗೆ ಬಂದಾಗ ಕೂತಲ್ಲಿ ಆಕ್ಸಿಜನ್ ಮಟ್ಟ 96 ಇತ್ತು. ಆದರೂ ಹತ್ತು ಹೆಜ್ಜೆಗೆ ದಮ್ಮು ಕಟ್ಟುತ್ತಿತ್ತು. ತಪ್ಪು ಶ್ವಾಸಕೋಶದ್ದು ಮಾತ್ರ ಆಗಿರಲಿಲ್ಲ, ತೊಡೆಯದ್ದೂ ಇತ್ತು. ವಯಸ್ಸಾದವರು, ಆರೋಗ್ಯವಂತರೇ ಆದರೂ, ಹತ್ತು ದಿನ ಹಾಸಿಗೆ ಹಿಡಿದರೆ ಕಾಲುಗಳಿಂದ ಸುಮಾರು ಒಂದು ಕೆ.ಜಿ.ಯಷ್ಟು ಮಾಂಸ ಕರಗುತ್ತದೆ. ಅದರ ಮೇಲೆ ಜ್ವರ, ಹಸಿವಿಲ್ಲ, ಸ್ಟೀರಾಯ್ಡ್. ಸ್ಟೀರಾಯ್ಡ್ ಆ ಹೊತ್ತಿಗೆ ಜೀವ ಉಳಿಸುವ ಮದ್ದು, ಸರಿ. ಆದರೆ ಸಕ್ಕರೆ ಏರಿಸುತ್ತದೆ, ಜಾಸ್ತಿ ದಿನ ತಗೊಂಡರೆ ತೊಡೆ ಮತ್ತು ಭುಜದ ಸ್ನಾಯುಗಳನ್ನು ಸಡಿಲ ಮಾಡುತ್ತದೆ. ಮಾವನ ಪಂಚೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ.

ಈಗ ಹಳೆಯ ಸ್ಕೂಟರೊಂದನ್ನು ನೆನಪಿಸಿಕೊಳ್ಳಿ. ಟ್ಯೂನಿಂಗ್ ಹೋದ ಎಂಜಿನ್ ಅಷ್ಟೇ ದೂರಕ್ಕೆ ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ, ಜಾಸ್ತಿ ಹೊಗೆ ಬಿಡುತ್ತದೆ. ಬಳಸದೆ ಬಿಟ್ಟ ಸ್ನಾಯುವೂ ಹಾಗೇ. ಆಕ್ಸಿಜನ್ನನ್ನು ಸರಿಯಾಗಿ ಉರಿಸಲು ಅದಕ್ಕೆ ಬರುವುದಿಲ್ಲ. ನಾಲ್ಕು ಹೆಜ್ಜೆಗೇ ಆಮ್ಲ ಸೇರುತ್ತದೆ, ಇಂಗಾಲದ ಡೈ ಆಕ್ಸೈಡ್ ಹೆಚ್ಚುತ್ತದೆ. ಆ ಹೊಗೆಯನ್ನು ಹೊರಗೆ ಹಾಕುವ ಸೈಲೆನ್ಸರ್ ಕೆಲಸ ಶ್ವಾಸಕೋಶದ್ದು. ಮೆದುಳು "ಬೇಗ ಬೇಗ ಉಸಿರಾಡು" ಅನ್ನುತ್ತದೆ. ಮೊದಲೇ ಬಿಗಿಯಾಗಿರುವ ಶ್ವಾಸಕೋಶಕ್ಕೆ ಅದು ಆಗುವುದಿಲ್ಲ. ಹಾಗೆ ಹುಟ್ಟುತ್ತದೆ ಏದುಸಿರು.

ಎಂಜಿನ್ ರಿಪೇರಿ ಆದರೆ ಹೊಗೆ ಕಡಿಮೆ, ಸೈಲೆನ್ಸರಿಗೂ ಆರಾಮ. ಶ್ವಾಸಕೋಶದ ಪುನಶ್ಚೇತನ ಅಂತ ಆಸ್ಪತ್ರೆಯಲ್ಲಿ ಕರೆಯುವ ಕಾರ್ಯಕ್ರಮದ ಗುಟ್ಟು ಇದು. ಹೆಸರು ಶ್ವಾಸಕೋಶದ್ದು, ಬೆವರು ಹೆಚ್ಚಾಗಿ ಕಾಲಿನದ್ದು. ಕೋವಿಡ್‌ಗಿಂತ ಎಷ್ಟೋ ಮೊದಲಿನಿಂದ, ಬೀಡಿ ಸಿಗರೇಟಿನಿಂದ ಶ್ವಾಸಕೋಶ ಕೆಡಿಸಿಕೊಂಡವರಿಗೆ ಇದೇ ಕ್ರಮ ನಡೆದು ಬಂದಿದೆ. ಸಾಮಾನ್ಯವಾಗಿ 6ರಿಂದ 12 ವಾರ, ವಾರಕ್ಕೆ ಎರಡು ಮೂರು ಸಲ.

ಮೊದಲು ಅಳತೆ

ಮಣಿಪಾಲದ ಆಸ್ಪತ್ರೆಯೊಂದರ ಕಾರಿಡಾರಿನಲ್ಲಿ ಮಾವನನ್ನು ನಡೆಸಿದರು. 30 ಮೀಟರ್ ದೂರಕ್ಕೆ ಎರಡು ಕಡೆ ಗುರುತು. ಆರು ನಿಮಿಷದಲ್ಲಿ ಹೋಗಿ ಬಂದು, ಹೋಗಿ ಬಂದು ಎಷ್ಟು ದೂರ ಆಗುತ್ತದೋ ಅಷ್ಟು. ನಡುವೆ ನಿಲ್ಲಬಹುದು, ಗಡಿಯಾರ ನಿಲ್ಲುವುದಿಲ್ಲ. ಆರೋಗ್ಯವಾಗಿರುವವರು 400ರಿಂದ 700 ಮೀಟರ್ ನಡೆಯುತ್ತಾರೆ. ಮಾವ 210ಕ್ಕೆ ಸುಸ್ತಾದರು, ಆಕ್ಸಿಜನ್ 96ರಿಂದ 91ಕ್ಕೆ ಇಳಿಯಿತು. ಕೂತಲ್ಲಿ ನೋಡಿದ ಅಂಕೆ ಪೂರ್ತಿ ಕತೆ ಹೇಳುವುದಿಲ್ಲ ಅಂತ ಅಲ್ಲೇ ಗೊತ್ತಾಯಿತು.

ಮನೆಯಲ್ಲಿ ನೋಡುವ ಆಕ್ಸಿಮೀಟರ್ ಬಗ್ಗೆ ಒಂದೆರಡು ಮಾತು. ಉಗುರಿಗೆ ಬಣ್ಣ ಇದ್ದರೆ, ಮದರಂಗಿ ಹಚ್ಚಿದ್ದರೆ, ಬೆರಳು ತಣ್ಣಗಿದ್ದರೆ ಅಂಕೆ ತಪ್ಪಬಹುದು. ಬೆರಳು ಹಾಕಿದ ತಕ್ಷಣದ ಅಂಕೆ ನಂಬಬೇಡಿ, ಅದು ಒಂದೇ ಕಡೆ ನಿಲ್ಲುವವರೆಗೆ ಕಾಯಿರಿ. ಕಪ್ಪು ಚರ್ಮದವರಲ್ಲಿ ಯಂತ್ರ ಇರುವುದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸುವುದುಂಟು. ನಡೆದಾಗ ನಾಲ್ಕು ಅಂಕೆ ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ, ಇಲ್ಲವೇ 90ಕ್ಕಿಂತ ಕೆಳಗೆ ಹೋದರೆ, ವ್ಯಾಯಾಮ ಅಲ್ಲಿಗೆ ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು. ಮಾವನ 91 ಕೂಡ ಆ ಲೆಕ್ಕದಲ್ಲಿ ಬರುತ್ತಿತ್ತು. ಹಾಗಾಗಿ ಮೊದಲ ಎರಡು ವಾರ ಅವರು ವ್ಯಾಯಾಮ ಮಾಡಿದ್ದು ಆಸ್ಪತ್ರೆಯಲ್ಲಿ, ಕಣ್ಣೆದುರೇ.

ಇನ್ನೊಂದು ಅಳತೆಗೆ ಯಂತ್ರವೇ ಬೇಡ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ರೂಪಿಸಿದ್ದು. ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಬೇಕು. ಸೊನ್ನೆ ಅಂದರೆ ಈಸಿಚೇರಿನಲ್ಲಿ ಕೂತ ಹಾಗೆ, ಹತ್ತು ಅಂದರೆ ಇನ್ನು ಆಗುವುದೇ ಇಲ್ಲ. ಶುರುವಿನಲ್ಲಿ ಎರಡು ಮೂರರಲ್ಲೇ ಇರಬೇಕು, ಮುಂದೆ ಮೂರು ನಾಲ್ಕು. ಅಂಕೆ ತಲೆಗೆ ಹತ್ತದಿದ್ದರೆ ಮಾತು ಸಾಕು. ನಡೆಯುತ್ತಾ ಜೊತೆಗಿದ್ದವರ ಹತ್ತಿರ ಒಂದು ವಾಕ್ಯ ಪೂರ್ತಿ ಮಾತಾಡಲು ಬರಬೇಕು, ಭಾಗವತರ ಹಾಗೆ ಪದ ಹಾಡಲು ಬರಬಾರದು. ಹಾಡಲು ಬಂದರೆ ಸ್ವಲ್ಪ ಬೇಗ ನಡೆಯಿರಿ. ವಾಕ್ಯ ತುಂಡಾದರೆ ನಿಧಾನ ಮಾಡಿ.

ಉಸಿರು, ಕಾಲು, ಮಳೆ

ಉಸಿರಾಟ ನಡೆಸುವುದು ಎದೆಯ ಕೆಳಗೆ ಕೊಡೆಯ ಹಾಗೆ ಹರಡಿಕೊಂಡಿರುವ ಸ್ನಾಯು. ಶಾಲೆಯಲ್ಲಿ ವಪೆ ಅಂತ ಓದಿದ್ದು ನೆನಪಿರಬಹುದು. ಕಾಯಿಲೆ ಬಿದ್ದವರು ಅದನ್ನು ಬಿಟ್ಟು ಕುತ್ತಿಗೆ, ಭುಜ ಎತ್ತಿ ಎತ್ತಿ ಉಸಿರಾಡಲು ಶುರುಮಾಡುತ್ತಾರೆ. ಅದಕ್ಕೆ ಸುಸ್ತು ಜಾಸ್ತಿ, ಸಿಗುವ ಗಾಳಿ ಕಡಿಮೆ. ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ ಇಟ್ಟು ಮೂಗಿನಿಂದ ಎಳೆಯಿರಿ. ಹೊಟ್ಟೆಯ ಮೇಲಿನ ಕೈ ಏಳಬೇಕು, ಎದೆಯದ್ದು ಸುಮ್ನೆ ಇರಬೇಕು. ಬಿಡುವಾಗ ತುಟಿ ಚೂಪು ಮಾಡಿ, ಬಿಸಿ ಗಂಜಿಯನ್ನು ಊದಿ ಆರಿಸುವ ಹಾಗೆ ನಿಧಾನಕ್ಕೆ ಬಿಡಿ. ಎಳೆದದ್ದಕ್ಕಿಂತ ಬಿಡುವುದು ಉದ್ದ ಇರಲಿ. ತುಟಿಯ ಹತ್ತಿರ ತಡೆ ಇದ್ದರೆ ಒಳಗಿನ ಸಣ್ಣ ಕೊಳವೆಗಳು ಬೇಗ ಮುಚ್ಚಿಕೊಳ್ಳುವುದಿಲ್ಲ, ಹಳೆಯ ಗಾಳಿ ಹೆಚ್ಚು ಹೊರಗೆ ಹೋಗುತ್ತದೆ.

ನಡೆಯುವಾಗ ದಮ್ಮು ಕಟ್ಟಿತೇ? ನೆಟ್ಟಗೆ ನಿಂತು ಗಾಳಿಗೆ ಒದ್ದಾಡಬೇಡಿ. ಕಟ್ಟೆಯೋ ಗೇಟೋ ಸಿಕ್ಕಿದರೆ ಮೊಣಕೈ ಊರಿ ಮುಂದಕ್ಕೆ ಬಾಗಿ ನಿಲ್ಲಿ. ಕುರ್ಚಿ ಇದ್ದರೆ ಕೂತು ಮೊಣಕೈ ತೊಡೆಯ ಮೇಲೆ ಊರಿ. ಕೈಗೆ ಆಸರೆ ಸಿಕ್ಕಿದರೆ ಭುಜದ ಸ್ನಾಯುಗಳು ಉಸಿರಿಗೆ ನೆರವಾಗುತ್ತವೆ.

ಇನ್ನು ಕಾಲು. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಹಿಮ್ಮಡಿ ಎತ್ತಿ ಬೆರಳ ಮೇಲೆ ನಿಲ್ಲುವುದು, ಒಂದು ಮೆಟ್ಟಿಲು ಹತ್ತಿ ಇಳಿಯುವುದು. ಏಳುವಾಗ, ಹತ್ತುವಾಗ ಉಸಿರು ಬಿಡಬೇಕು. ಹೆಚ್ಚಿನವರು ಅಲ್ಲೇ ಉಸಿರು ಹಿಡಿದುಬಿಡುತ್ತಾರೆ. ಕೈಗಳಿಗೆ ಅರ್ಧ ಲೀಟರ್ ನೀರಿನ ಬಾಟ್ಲಿ ಸಾಕು, ಡಂಬೆಲ್ಸ್ ಬೇಡ. ಇವೆಲ್ಲಕ್ಕಿಂತ ಮುಖ್ಯ ನಡಿಗೆ.

ಎಷ್ಟು ನಡೆಯಬೇಕು ಅಂತ ಎಲ್ಲರೂ ಕೇಳುತ್ತಾರೆ. ಮಾವನಿಗೆ ಸಿಕ್ಕಿದ ಉತ್ತರ: ಎರಡು ನಿಮಿಷ, ದಿನಕ್ಕೆ ನಾಲ್ಕು ಸಲ. ನಲವತ್ತು ವರ್ಷ ಬಸ್ಸಿಗೆ ಓಡಿ ಕೆಲಸಕ್ಕೆ ಹೋದ ಮನುಷ್ಯನಿಗೆ ಅದು ಅವಮಾನದ ಹಾಗೆ ಕೇಳಿಸಿತು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಇದೇ ಧಾಟಿಯದ್ದು. ಅವರು ಐದು ಹಂತ ಮಾಡಿದ್ದಾರೆ: ಮೊದಲು ಉಸಿರು ಮತ್ತು ಮೈ ಸಡಿಲಿಸುವುದು, ಆಮೇಲೆ ನಿಧಾನದ ನಡಿಗೆ, ಆಮೇಲೆ ಬಿರುಸು ನಡಿಗೆ ಮತ್ತು ಮೆಟ್ಟಿಲು, ಹೀಗೆ. ಒಂದೊಂದು ಹಂತದಲ್ಲೂ ಕಡಿಮೆಯೆಂದರೆ ಏಳು ದಿನ ಇರಬೇಕು. ಕಷ್ಟ ಅನಿಸಿದರೆ ಒಂದು ಹಂತ ಹಿಂದಕ್ಕೆ.

ಎಲ್ಲಿ ನಡೆಯುವುದು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಮಂಗಳೂರಿನಲ್ಲಿ ಮನೆ ಬಾಗಿಲು ದಾಟಿದರೆ ಏರು, ಇಲ್ಲದಿದ್ದರೆ ಇಳಿಜಾರು. ಬಾವುಟಗುಡ್ಡೆಯ ಬದಿಯಲ್ಲಿರುವವರು ಹಾಲು ತರಲು ಹೋಗಿಬರುವುದೇ ಮೂರನೇ ಹಂತದ ವ್ಯಾಯಾಮ. ಶುರುವಿಗೆ ಸಪಾಟು ಜಾಗ ಹುಡುಕಿ. ಮಂಗಳಾ ಸ್ಟೇಡಿಯಂ, ಉಡುಪಿಯ ಅಜ್ಜರಕಾಡು ಮೈದಾನ, ಮಣಿಪಾಲದ ಮಣ್ಣಪಳ್ಳ ಕೆರೆ ದಂಡೆ, ಇಂಥವು. ಮಲ್ಪೆ, ಪಣಂಬೂರಿನ ಬೀಚು ಮನಸ್ಸಿಗೆ ಒಳ್ಳೆಯದೇ. ಆದರೆ ಒಣ ಮರಳಲ್ಲಿ ನಡೆಯಲು ಗಟ್ಟಿ ನೆಲಕ್ಕಿಂತ ಸುಮಾರು ಎರಡು ಪಟ್ಟು ಶಕ್ತಿ ಬೇಕು, ಹಾಗಾಗಿ ನೀರಿನ ಅಂಚಿನ ಒದ್ದೆ ಮರಳೇ ಲೇಸು. ನಮ್ಮ ಸೆಕೆಯೂ ಸುಮ್ಮನೆ ಬಿಡುವುದಿಲ್ಲ. ಗಾಳಿಯಲ್ಲಿ ಪಸೆ ಜಾಸ್ತಿ ಇದ್ದರೆ ಬೆವರು ಆರುವುದಿಲ್ಲ, ಮೈ ತಂಪಾಗುವುದಿಲ್ಲ, ಹೃದಯ ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಏಳರೊಳಗೆ ಮುಗಿಸಿ.

ಮಾವನಿಗೆ ಅಡ್ಡ ಬಂದದ್ದು ಮಳೆ. ಜೂನ್ ಬಂತು, ಅಂಗಳ ಪಾಚಿ ಹಿಡಿಯಿತು. ಚಾವಡಿಯ ಈ ಗೋಡೆಯಿಂದ ಆ ಗೋಡೆಗೆ 14 ಹೆಜ್ಜೆ. ಅಷ್ಟರಲ್ಲೇ ನಡೆದರು. ಲೆಕ್ಕ ತಪ್ಪದಿರಲು ಅತ್ತೆ ಒಂದು ತಟ್ಟೆಯಲ್ಲಿ ಹುಣಸೆಬೀಜ ಇಟ್ಟರು. ಒಂದು ಸುತ್ತಿಗೆ ಒಂದು ಬೀಜ ಆಚೆ ತಟ್ಟೆಗೆ.

ಪ್ರಾಣಾಯಾಮ ಮಾಡಬಹುದಾ? ನಿಧಾನಕ್ಕೆ ಎಳೆದು ಬಿಡುವಂಥದ್ದು, ಭ್ರಮರಿಯ ಹಾಗೆ ಗುಂಯ್ ಅಂತ ಉಸಿರು ಬಿಡುವಂಥದ್ದು ಹೆಚ್ಚಿನವರಿಗೆ ಹಿತ. ಆದರೆ ಕಪಾಲಭಾತಿ, ಭಸ್ತ್ರಿಕಾ, ಉಸಿರು ಕಟ್ಟಿ ನಿಲ್ಲಿಸುವ ಕುಂಭಕ ಆರಂಭದಲ್ಲಿ ಬೇಡವೇ ಬೇಡ. ಹತ್ತು ಸೆಕೆಂಡು ಉಸಿರು ಹಿಡಿಯಲು ಆದರೆ ಕೋವಿಡ್ ಇಲ್ಲ ಅಂತ ವಾಟ್ಸ್ಯಾಪಿನಲ್ಲಿ ಓಡಾಡಿದ್ದು ಶುದ್ಧ ಸುಳ್ಳು. ಅದರ ಗುಂಗಿನಲ್ಲಿ ಈಗಲೂ ಕೆಲವರು ಉಸಿರು ಹಿಡಿದು ತಮ್ಮನ್ನು ತಾವೇ ಪರೀಕ್ಷೆ ಮಾಡಿಕೊಳ್ಳುತ್ತಾರೆ.

ಎಲ್ಲರಿಗೂ ಇದಲ್ಲ

ಈಗ ಬೇರೆ ಒಂದು ಕತೆ, ಇದನ್ನು ಗಮನ ಇಟ್ಟು ಓದಿ. ನನ್ನ ಚಿಕ್ಕಮ್ಮನ ಮಗಳು ಮಂಗಳೂರಿನಲ್ಲಿ ಟೀಚರ್. ಅವಳಿಗೆ ನಾಲ್ಕು ದಿನದ ಜ್ವರ ಅಷ್ಟೇ, ಆಸ್ಪತ್ರೆ ಮೆಟ್ಟಿಲು ಹತ್ತಿದವಳಲ್ಲ. ತಿಂಗಳಾದರೂ ಆಯಾಸ ಹೋಗಲಿಲ್ಲ. "ಸುಮ್ನೆ ಮಲಗಿದ್ರೆ ಇನ್ನೂ ಜಾಸ್ತಿ ಆಗ್ತದೆ" ಅಂದರು ಎಲ್ಲರೂ, ನಾನೂ ಅಂದೆ. ಕದ್ರಿ ಪಾರ್ಕಿನಲ್ಲಿ ಅರ್ಧ ಗಂಟೆ ನಡೆದಳು. ಆವತ್ತು ಚೆನ್ನಾಗೇ ಇದ್ದಳು. ಮರುದಿನವೂ ಪರವಾಗಿಲ್ಲ. ಮೂರನೇ ದಿನ ಹಲ್ಲುಜ್ಜಲು ಕೈ ಎತ್ತಲಾಗಲಿಲ್ಲ. ತಲೆ ಮಂಜು ಕವಿದ ಹಾಗೆ, ಪುಸ್ತಕದಲ್ಲಿ ಓದಿದ ಸಾಲೇ ಮತ್ತೆ ಮತ್ತೆ. ಒಂದು ವಾರ ಬೇಕಾಯಿತು ಏಳಲು. ಎದ್ದವಳು ಮತ್ತೆ ನಡೆದಳು, ಮತ್ತೆ ಬಿದ್ದಳು.

ಇದು ಸೋಮಾರಿತನ ಅಲ್ಲ, ಮನಸ್ಸಿನ ಭ್ರಮೆಯೂ ಅಲ್ಲ. ದುಡಿದ 12ರಿಂದ 72 ಗಂಟೆಗಳ ನಂತರ ಲಕ್ಷಣಗಳು ಉಲ್ಬಣವಾಗುವುದು ದೀರ್ಘ ಕೋವಿಡ್‌ನಲ್ಲಿ ಚೆನ್ನಾಗಿ ಗುರುತಿಸಿರುವ ಸಂಗತಿ. ಸೋಂಕು ತಗುಲಿ ಮೂರು ತಿಂಗಳಾದ ಮೇಲೂ ಇರುವ, ಕನಿಷ್ಠ ಎರಡು ತಿಂಗಳು ಎಳೆಯುವ, ಬೇರೆ ಕಾರಣ ಸಿಗದ ತೊಂದರೆಗಳನ್ನು ದೀರ್ಘ ಕೋವಿಡ್ ಅನ್ನಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರಿನಲ್ಲಿ ವ್ಯಾಖ್ಯೆ ಕೊಟ್ಟಿತು. ಮೈದುಡಿಮೆಯೇ ಆಗಬೇಕೆಂದಿಲ್ಲ. ಇಡೀ ದಿನದ ಮೌಲ್ಯಮಾಪನ, ಮದುವೆ ಮನೆಯ ಗದ್ದಲ ಕೂಡ ಹಾಗೆ ಕೆಡವಬಹುದು.

ಇಂಥವರಿಗೆ "ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ" ಅನ್ನುವ ಸೂತ್ರ ಕೆಡುಕು ಮಾಡುತ್ತದೆ. ಅವರು ಕಲಿಯಬೇಕಾದದ್ದು ಮಿತಿ ಗುರುತಿಸಿ ಅದರ ಒಳಗೇ ನಿಲ್ಲುವುದನ್ನು. ಅವಳು ಒಂದು ನೋಟ್‌ಬುಕ್ ಇಟ್ಟಳು. ಇವತ್ತು ಏನು ಮಾಡಿದೆ, ನಾಳೆ ನಾಡಿದ್ದು ಹೇಗಿತ್ತು. ಕಾಯಿ ತುರಿಯುವುದು ಒಂದು ಹೊತ್ತು, ಮಸಾಲೆ ಕಡೆಯುವುದು ಇನ್ನೊಂದು ಹೊತ್ತು. ಸ್ನಾನಕ್ಕೆ ಸ್ಟೂಲು. ಸುಸ್ತಾದ ಮೇಲೆ ಕೂರುವುದಲ್ಲ, ಸುಸ್ತಾಗುವ ಮೊದಲೇ ಕೂರುವುದು. ಕೇಳಲು ಸುಲಭ, ಮನೆಯಲ್ಲಿ ಅತ್ತೆಯ ಎದುರು ಮಾಡಲು ಕಷ್ಟ. ನಿಂತ ಕೂಡಲೇ ಎದೆ ಡವಗುಟ್ಟಿ ತಲೆ ತಿರುಗುವವರೂ ಇರುತ್ತಾರೆ. ಅವರು ಮಲಗಿ ಮಾಡುವ ವ್ಯಾಯಾಮದಿಂದ ಶುರುಮಾಡಬೇಕು, ಅದೂ ಡಾಕ್ಟರನ್ನು ಕೇಳಿ. ಕೋವಿಡ್ ಹೃದಯದ ಸ್ನಾಯುವಿಗೆ ಊತ ತಂದಿದ್ದರೆ ಮೂರರಿಂದ ಆರು ತಿಂಗಳು ಬಿರುಸಿನ ವ್ಯಾಯಾಮ ಪೂರ್ತಿ ಬಂದ್.

ಹಾಗಾಗಿ ಇವತ್ತು ಎಷ್ಟು ನಡೆದಿರಿ ಅನ್ನುವುದಕ್ಕಿಂತ ನಾಡಿದ್ದು ಹೇಗೆ ಏಳುತ್ತೀರಿ ಅನ್ನುವುದನ್ನು ನೋಡಿ ಹೆಜ್ಜೆ ಹೆಚ್ಚಿಸಬೇಕು.

ಗಂಜಿಯ ಜೊತೆ ಏನು?

ಕಾಯಿಲೆಯಿಂದ ಎದ್ದವರಿಗೆ ನಮ್ಮಲ್ಲಿ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ಹೊಟ್ಟೆಗೆ ಹಿತ, ಸ್ನಾಯುವಿಗೆ ಸಾಲದು. ಕರಗಿದ ಮಾಂಸ ಮತ್ತೆ ಕಟ್ಟಲು ಪ್ರೋಟೀನ್ ಬೇಕು. ಕಿಡ್ನಿ ತೊಂದರೆ ಇಲ್ಲದವರಿಗೆ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ ಸುಮಾರು 1.2 ಗ್ರಾಂ, ಅಂದರೆ 60 ಕೆ.ಜಿ.ಯವರಿಗೆ 72 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು 6 ಗ್ರಾಂ. ನೂರು ಗ್ರಾಂ ಬಂಗುಡೆಯಲ್ಲಿ ಹತ್ತಿರ ಹತ್ತಿರ 20. ಮಾವನ ದುರಾದೃಷ್ಟ ನೋಡಿ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಸಿಕ್ಕಿದ ಮೀನಿಗೆ ಚಿನ್ನದ ಬೆಲೆ. ಮೊಟ್ಟೆ, ಹೆಸರುಕಾಳು, ಕಡಲೆ, ಮೊಸರಿನಲ್ಲೇ ಸುಧಾರಿಸಿದರು.

ಬಚ್ಚಲಿನ ಒಲೆ ಇನ್ನೊಂದು ವಿಷಯ. ಮಳೆಗಾಲದಲ್ಲಿ ಒದ್ದೆ ಮಡಲು, ತೆಂಗಿನ ಸಿಪ್ಪೆ ಹಾಕಿ ಹಂಡೆ ಕಾಯಿಸುವ ಮನೆಗಳು ಇನ್ನೂ ಉಂಟು. ಆ ಹೊಗೆ ಗುಣವಾಗುತ್ತಿರುವ ಶ್ವಾಸಕೋಶಕ್ಕೆ ವಿಷ. ಬೆಂಕಿ ಹಾಕುವ ಕೆಲಸ ಬೇರೆಯವರಿಗೆ ಬಿಡಿ. ಬೀಡಿ ಸಿಗರೇಟಿನ ಬಗ್ಗೆ ಹೇಳಬೇಕಾಗಿಲ್ಲ ಅಲ್ವಾ?

ಕೆಲವು ಲಕ್ಷಣಗಳಿಗೆ ವ್ಯಾಯಾಮವೂ ಬೇಡ, ಕಾಯುವುದೂ ಬೇಡ, ನೇರ ಆಸ್ಪತ್ರೆಗೆ ಹೋಗಿ. ಎದೆನೋವು, ಕಣ್ಣು ಕತ್ತಲೆ ಬಂದು ಬೀಳುವುದು, ಕಫದಲ್ಲಿ ರಕ್ತ, ತುಟಿ ನೀಲಿಯಾಗುವುದು, ಕೂತಲ್ಲೇ 92ಕ್ಕಿಂತ ಕಡಿಮೆ ಆಕ್ಸಿಜನ್. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಅದನ್ನು ನಡೆದದ್ದರ ನೋವು ಅಂತ ಎಣ್ಣೆ ತಿಕ್ಕಿ ಕೂರಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಅದು ಜಾರಿ ಶ್ವಾಸಕೋಶಕ್ಕೆ ಹೋಗಬಹುದು.

ಹನ್ನೆರಡನೇ ವಾರ ಮಾವನನ್ನು ಮತ್ತೆ ಅದೇ ಕಾರಿಡಾರಿನಲ್ಲಿ ನಡೆಸಿದರು. 390 ಮೀಟರ್, ಆಕ್ಸಿಜನ್ 94ಕ್ಕಿಂತ ಕೆಳಗೆ ಇಳಿಯಲಿಲ್ಲ. ಎಕ್ಸ್‌ರೇಯಲ್ಲಿ ಎಡಗಡೆ ಬುಡದಲ್ಲಿ ಕಲೆ ಹಾಗೇ ಇತ್ತು. ಅವರಿಗೆ ಕೇಳಬೇಕಾಗಿದ್ದದ್ದು ಒಂದೇ: ಬಾವಿಯಿಂದ ನೀರು ಸೇದಬಹುದಾ? ಪಂಪು ಇದ್ದರೂ ದೇವರ ಕೋಣೆಗೆ ಸೇದಿದ ನೀರೇ ಆಗಬೇಕು ಅವರಿಗೆ. ಸೇದುವುದು ಸಣ್ಣ ಕೆಲಸ ಅಲ್ಲ. ಕೈ ಎತ್ತಿದಾಗ ಉಸಿರಿಗೆ ನೆರವಾಗುವ ಭುಜದ ಸ್ನಾಯುಗಳು ಹಗ್ಗದ ಪಾಲಾಗುತ್ತವೆ, ಎಳೆಯುವ ಭರದಲ್ಲಿ ನಾವು ಉಸಿರನ್ನೂ ಹಿಡಿಯುತ್ತೇವೆ. ಫಿಸಿಯೋಥೆರಪಿಸ್ಟ್ ಹುಡುಗಿ ಸ್ವಲ್ಪ ಯೋಚಿಸಿದಳು. "ಅರ್ಧ ಕೊಡಪಾನ, ಅಂಕಲ್. ಪ್ರತಿ ಎಳೆತಕ್ಕೂ ಉಸಿರು ಬಿಡಬೇಕು."

ಮರುದಿನ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ರಾಟೆಯ ಕಿರ್ ಕಿರ್ ಕೇಳಿಸಿತು ಅಂತ ಅತ್ತೆ ಫೋನ್ ಮಾಡಿದರು. ನಡುನಡುವೆ ನಿಲ್ಲುತ್ತಿತ್ತಂತೆ. ಹೋಗಿ ಇಣುಕಿ ನೋಡಿದರೆ, ಮುಕ್ಕಾಲು ತುಂಬಿತ್ತಂತೆ.